ತುದಿಯೂರಿನ ಎಲೆ

ನಾನು ಬೆಟಗೇರಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿ. ಹೆಸರು ನೀಲಾ, ಹುಟ್ಟೂರು ಕಳಸಾಪುರ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಐರೋಪ್ಯ ಒಕ್ಕೂಟದ ಪಾಠ ಬಂದಾಗ ಅದು ಇನ್ನೂ ಒಂದು ಮೆಟ್ಟಿಲು ಮೇಲೇರುತ್ತದೆ. ಇಪ್ಪತ್ತೇಳು ದೇಶಗಳು ಕೂಡಿ ಒಂದು ಮನೆ ಕಟ್ಟಿಕೊಂಡಿವೆ, ಆದರೆ ಆ ಮನೆಯ ಮೂಲ ಒಪ್ಪಂದದಲ್ಲಿ ಒಂದು ಸಾಲು ತಿದ್ದಬೇಕಾದರೆ ಇಪ್ಪತ್ತೇಳೂ ಹೂಂ ಅನ್ನಬೇಕು. ಒಬ್ಬರು ತಲೆ ಅಡ್ಡ ಆಡಿಸಿದರೂ ಉಳಿದವರು ಕೈ ಕಟ್ಟಿ ಕೂರಬೇಕು. ಇದನ್ನು ನಾನು ಗಂಟಲು ಹರಿದುಕೊಂಡು ಹೇಳುವಾಗ ಹಿಂದಿನ ಬೆಂಚಿನವರು ಕಿಟಕಿಯಾಚೆ ಬಸ್ಸು ನೋಡುತ್ತಿರುತ್ತಾರೆ. "ಅಷ್ಟ ದೂರದ ಜಗಳ ನಮಗ್ಯಾಕ್ರಿ ಮೇಡಂ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಅದಕ್ಕೇ ಬೈಯುತ್ತಿದ್ದೆ.

ಹಾಗೆ ಬೈಸಿಕೊಂಡವರಲ್ಲಿ ಸಕ್ರಪ್ಪನೂ ಒಬ್ಬ. ಈಗ ಅವನು ಮುಂಡರಗಿಯ ಆಚೆ, ಕಪ್ಪತಗುಡ್ಡ ಕಾಣುವ ಬಯಲಿನಲ್ಲಿ, 'ಐದೂರ ನೀರಿನ ಒಕ್ಕೂಟ'ದ ಕಾರ್ಯದರ್ಶಿ. ಐದು ಊರಿನ ರೈತರು ತಾವೇ ಕೂಡಿ ತುಂಗಭದ್ರೆಯಿಂದ ನೀರು ಎತ್ತಿ ಒಂದು ದೊಡ್ಡ ತೊಟ್ಟಿಗೆ ತಂದಿದ್ದಾರೆ. ತೊಟ್ಟಿಯಿಂದ ಐದು ಪೈಪು, ಪ್ರತಿ ಪೈಪಿಗೆ ಚಕ್ರದಂಥ ಹಿಡಿಕೆಯ ಒಂದು ವಾಲ್. ಒಂದು ಭಾನುವಾರ ಸಕ್ರಪ್ಪ ಚೀಲದ ತುಂಬ ಬದನೆಕಾಯಿ ತಂದು ನಮ್ಮ ಪಡಸಾಲೆಯಲ್ಲಿ ಕೂತ.

"ಮೇಡಂ, ನೀವು ಯುರೋಪಿಗೆ ಒಂದು ರೋಗ ಐತಿ ಅಂತಿದ್ರಲ್ರಿ, ಅದು ನಮ್ಮೂರಿಗೂ ಬಂದೈತ್ರಿ," ಅಂದ.

ರೋಗದ ಹೆಸರು ವೀಳ್ಯದೆಲೆ. ಒಕ್ಕೂಟ ಹುಟ್ಟಿದ ದಿನ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಊರಿಗೊಬ್ಬರಂತೆ ಐವರು ಹಿರಿಯರು ತೊಟ್ಟಿಯ ಬಳಿ ಬೇವಿನ ಮರದ ಕೆಳಗೆ ಸೇರಬೇಕು, ಪ್ರತಿಯೊಬ್ಬರೂ ತಮ್ಮ ಊರಿನಿಂದಲೇ ಒಂದು ವೀಳ್ಯದೆಲೆ ತರಬೇಕು. ಮಾತು ಒಪ್ಪಿಗೆಯಾದರೆ ಹಿತ್ತಾಳೆ ತಟ್ಟೆಗೆ ಎಲೆ ಹಾಕಬೇಕು. ಐದು ಎಲೆ ಬಿದ್ದರೆ ಮಾತು ಪಕ್ಕಾ, ನಾಲ್ಕೇ ಬಿದ್ದರೆ ಮಾತು ಮಣ್ಣುಪಾಲು. ಒಮ್ಮೆ ಚಹಾ ತಮಗೆ ಎರಡನೆಯದಾಗಿ ಬಂತೆಂದು ಒಬ್ಬ ಹಿರಿಯರು ಎಲೆ ತಡೆದಿದ್ದರಂತೆ. ಇನ್ನೊಮ್ಮೆ ಬೀರಲಿಂಗಪ್ಪ ಎಂಬ ಹಿರಿಯರು ಚರ್ಚೆ ಉದ್ದವಾಯಿತೆಂದು ಮೈಮರೆತು ತಮ್ಮೂರಿನ ಎಲೆಗೆ ಸುಣ್ಣ ಹಚ್ಚಿ ಅಗಿದುಬಿಟ್ಟರು. ಬೇರೆ ಎಲೆ ಕೊಡೋಣವೆಂದರೆ ಅದು ಅವರ ಊರಿನದಲ್ಲ. ಮೋಟರಿನ ರಿಪೇರಿ ಮುಂದಿನ ಸಭೆಗೆ ಹೋಯಿತು. ನಾನು ಹೊಟ್ಟೆ ಹಿಡಿದು ನಕ್ಕೆ. ಸಕ್ರಪ್ಪ ನಗಲಿಲ್ಲ.

"ಈಗ ನಗೂ ಹಂಗ ಇಲ್ರಿ ಮೇಡಂ. ಎರಡು ಎಲಿ ಎದುರಾ ಬದುರಾ ಕುಂತಾವು."

ಅವನು ಹೇಳಿದ್ದು ಇಷ್ಟು. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದು ಪಂಪ್ ಹೌಸಿಗೆ ನೀರು ನಿಲುಕುವುದಿಲ್ಲ. ಅದನ್ನು ಹೊಳೆಯ ಆಳದ ಕಡೆಗೆ ಸರಿಸಬೇಕು. ಐದರಲ್ಲಿ ಅತಿ ದೊಡ್ಡ ಊರು ಹಿರೇನೆಲ್ಲೂರು ಇದಕ್ಕೆ ಎಲೆ ಹಾಕುತ್ತಿಲ್ಲ, ಏಕೆಂದರೆ ಹೊಸ ಪೈಪು ಅವರ ಹೊಲಗಳಲ್ಲಿ ಹಾಯಬೇಕು. ಎಲೆ ಬೇಕಾದರೆ ಬೇಸಿಗೆಯ ಮೊದಲ ಪಾಳಿ ತಮಗೆ ಕೊಡಿ ಎಂದು ಅವರು ಕೇಳುತ್ತಾರೆ. ಬೇಸಿಗೆಯ ಮೊದಲ ಪಾಳಿ ಅತಿ ಸಣ್ಣ ಊರಾದ ಗುಡ್ಡದಹಾಳದ್ದು. ಅದು ತೊಟ್ಟಿಯಿಂದ ಅತಿ ದೂರದ ಊರು, ಅಲ್ಲಿಗೆ ಹೋಗುವಷ್ಟರಲ್ಲಿ ನೀರಿನ ಒತ್ತಡ ಸತ್ತೇಹೋಗಿರುತ್ತದೆ. ಆದ್ದರಿಂದ ತೊಟ್ಟಿ ತುಂಬಿರುವಾಗಲೇ ತುದಿಯೂರಿಗೆ ಮೊದಲು ಬಿಡಬೇಕೆಂದು ಆರಂಭದಲ್ಲೇ ಮಾತಾಗಿತ್ತು. ಆ ಮಾತು ಬದಲಿಸಲು ಗುಡ್ಡದಹಾಳ ಎಲೆ ಹಾಕುವುದಿಲ್ಲ. ಸಕ್ರಪ್ಪನ ಕಚೇರಿ ಎಷ್ಟು ಯೋಜನೆ ತಂದರೂ ತಟ್ಟೆಯ ಮುಂದೆ ಸಾಯುತ್ತದೆ, ಸಾವಿರಾರು ರೈತರನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಹೊಸ ಒಪ್ಪಂದ ಬರೆದುಕೊಡಲು ನಾನು ಹೋದೆ. ನಿಜ ಹೇಳಬೇಕೆಂದರೆ ಕುಣಿಯುತ್ತಾ ಹೋದೆ. ಅಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಒಮ್ಮೆ ಕೈಯಲ್ಲಿ ಮಾಡುವ ಭಾಗ್ಯ ನಮ್ಮಂಥ ಮಾಸ್ತರರಿಗೆ ಎಲ್ಲಿ ಸಿಗುತ್ತದೆ!

ಬೇವಿನ ಕೆಳಗೆ ಸೇರಿದ್ದ ಐವರು ಹಿರಿಯರಲ್ಲಿ ಇಬ್ಬರು ಕಣ್ಣಿಗೆ ಬಿದ್ದರು. ಹಿರೇನೆಲ್ಲೂರಿನ ಉಳವಪ್ಪ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತಿಗೊಮ್ಮೆ 'ನಮ್ಮೂರು' ಅನ್ನುವ ಚಟ. ಗುಡ್ಡದಹಾಳದ ಅಲ್ಮಾಸಬಿ ಅರವತ್ತು ದಾಟಿದ ಹೆಂಗಸು, ಸ್ವಂತ ಹೊಲದಲ್ಲಿ ಉಳ್ಳಾಗಡ್ಡಿ ಬೆಳೆದು ತಾವೇ ಗದಗಿನ ಮಾರುಕಟ್ಟೆಗೆ ಒಯ್ದು ದಲ್ಲಾಳಿಗಳ ಬೆವರಿಳಿಸಿದವರು. ಹಸಿರು ಸೀರೆಯ ಸೆರಗು ತಲೆ ತುಂಬ ಹೊದ್ದು, ಎಲ್ಲರೂ ಮಾತಾಡಿ ದಣಿಯುವ ತನಕ ಸುಮ್ಮನೆ ಕೂತಿದ್ದರು.

"ನಮ್ಮೂರಾಗ ಒಕ್ಕೂಟದ ಅರ್ಧಕ್ಕರ್ಧ ರೈತರು ಅದಾರ. ಅಕ್ಕನ ಊರಾಗ ಒಂದು ಓಣಿ. ಇಬ್ಬರಿಗೂ ಒಂದ ಎಲಿ ಅಂದ್ರ ಯಾವ ನ್ಯಾಯಾರಿ ಮೇಡಂ?" ಎಂದು ಉಳವಪ್ಪ ಕೇಳಿದರು.

"ನೀವು ಅರ್ಧ ಅದೀರಿ ಅಂತನ ನಮಗೊಂದು ಎಲಿ ಬೇಕು ತಮ್ಮಾ," ಎಂದರು ಅಲ್ಮಾಸಬಿ. "ಇಲ್ಲಾಂದ್ರ ನಮ್ಮನ್ನ ಯಾರು ಕೇಳ್ತಾರು?"

ಇಬ್ಬರ ಮಾತೂ ಖರೆ. ಯುರೋಪಿನಲ್ಲೂ ದೊಡ್ಡ ದೇಶ, ಸಣ್ಣ ದೇಶಗಳ ನಡುವಿನ ಹಗ್ಗಜಗ್ಗಾಟ ಇದೇ. ಬಹಳಷ್ಟು ವಿಷಯಗಳಲ್ಲಿ ಅವರು ಎರಡು ಲೆಕ್ಕ ಇಟ್ಟುಕೊಂಡಿದ್ದಾರೆ. ಸಾಕಷ್ಟು ದೇಶಗಳೂ ಒಪ್ಪಬೇಕು, ಆ ದೇಶಗಳಲ್ಲಿ ಸಾಕಷ್ಟು ಜನರೂ ಇರಬೇಕು. ನಾನು ಅದನ್ನೇ ನಮ್ಮ ಬಯಲಿಗೆ ಹೊಂದಿಸಿದೆ. ಕಚೇರಿ ವಿಷಯ ತರಲಿ. ಐದರಲ್ಲಿ ಮೂರು ಊರಿನ ಹಿರಿಯರು ಒಪ್ಪಲಿ, ಅದರ ಜೊತೆಗೆ ಸಭೆಗೆ ಬಂದ ರೈತರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕೈ ಎತ್ತಲಿ. ಎರಡೂ ಆದರೆ ಮಾತು ಪಕ್ಕಾ. ಯಾವ ಒಂದು ಊರಿಗೂ ತಡೆಯುವ ಎಲೆ ಇಲ್ಲ.

ಉಳವಪ್ಪ ಕಣ್ಣು ಸಣ್ಣದು ಮಾಡಿ ಲೆಕ್ಕ ಹಾಕಿದರು. ತಮ್ಮ ಜನ ಅರ್ಧ, ಇನ್ನೆರಡು ಊರನ್ನು ಒಲಿಸಿಕೊಂಡರೆ ಮೊದಲ ಪಾಳಿ ಕೈಗೆ ಬಂದಂತೆಯೇ. ಪಂಪ್ ಹೌಸು ಹೇಗೂ ಆಗುತ್ತದೆ, ಆಗಲಿ. "ನಂದು ಎಲಿ ಐತ್ರಿ," ಎಂದರು. ಉಳಿದ ಮೂವರೂ ತಲೆಯಾಡಿಸಿದರು. ಆದರೆ ಈ ಬದಲಾವಣೆಗೂ ಹಳೆಯ ಪದ್ಧತಿಯಂತೆ ಐದು ಎಲೆ ಬೀಳಬೇಕಿತ್ತು. ಎಲ್ಲರ ಕಣ್ಣು ಅಲ್ಮಾಸಬಿಯ ಮೇಲೆ ಬಿದ್ದವು. ಅವರು ಎದ್ದು ಸೀರೆ ಝಾಡಿಸಿಕೊಂಡು, "ಮೇಡಮ್ಮಾರ, ನಮ್ಮನಿಗೆ ಊಟಕ್ಕ ಬರ್ರಿ," ಎಂದಷ್ಟೇ ಹೇಳಿದರು.

ಗುಡ್ಡದಹಾಳದ ಅವರ ಮನೆಯಲ್ಲಿ ಮಗ ರಮೀಜ ಬಾಗಿಲಲ್ಲೇ ನಿಂತಿದ್ದ. ಎರಡು ಮಕ್ಕಳ ತಂದೆ, ತೋಳಿನಲ್ಲಿ ಹೊಲದ ದುಡಿಮೆ ಕಾಣುತ್ತಿತ್ತು. ನನ್ನನ್ನು ನೋಡಿದ ರೀತಿಯಲ್ಲೇ ಅವನ ಅಭಿಪ್ರಾಯ ತಿಳಿಯಿತು.

"ನಮ್ಮ ಕೈಯಾಗ ಇರೋದ ಒಂದು ಎಲಿ. ಅದನ್ನೂ ಕಸಗೊಳ್ಳಾಕ ಬಂದೀರೇನ್ರಿ?"

"ಸುಮ್ನಿರಲೇ, ಮೊದಲ ರೊಟ್ಟಿ ಹಾಕು," ಎಂದು ತಾಯಿ ಗದರಿದರು.

ನಾನು ಊಟದ ಮಧ್ಯೆಯೇ ಹೇಳಬೇಕಾದ್ದನ್ನು ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಈ ಒಪ್ಪಂದ ಬಂದರೆ ನಿಮ್ಮ ಮೊದಲ ಪಾಳಿ ಉಳಿಯುತ್ತದೆಂಬ ಭರವಸೆ ಇಲ್ಲ, ನಾಳೆಯೇ ಅವರು ಕೈ ಎತ್ತಿ ತೆಗೆದುಕೊಳ್ಳಬಹುದು. ಅದಕ್ಕೊಂದು ದಾರಿ ಇದೆ ಎಂದೂ ಹೇಳಿದೆ. ಯುರೋಪಿನವರು ತೆರಿಗೆಯಂಥ ಕೆಲವು ಸೂಕ್ಷ್ಮ ವಿಷಯಗಳನ್ನು ಇನ್ನೂ ಎಲ್ಲರ ಒಪ್ಪಿಗೆಯ ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ. ಹಾಗೆಯೇ ಮೊದಲ ಪಾಳಿಯನ್ನು ಮತದಿಂದ ಹೊರಗಿಡೋಣ. ಇದನ್ನು ಹೇಳಿ ನನಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಅಲ್ಮಾಸಬಿ ಶೇಂಗಾ ಹಿಂಡಿಯ ಬಟ್ಟಲು ನನ್ನ ಕಡೆ ಸರಿಸಿದರು. "ನಾನು ಒಂದು ತಗದಿಟ್ಟೆ ಅಂದ್ರ ಉಳವಪ್ಪ ಪೈಪಿಂದು ತಗದಿಡ್ತಾನ. ಬೀರಲಿಂಗಪ್ಪ ಇನ್ನೊಂದು. ಐದೂರಿಗೆ ಐದು ತಗದಿಟ್ಟ ಮ್ಯಾಲೆ ನಿಮ್ಮ ಒಪ್ಪಂದದಾಗ ಉಳಿಯೂದು ಏನ್ರಿ, ಚಹಾದ ಪಾಳಿ?"

"ಆದ್ರ ಅಮ್ಮಾ..." ಎಂದ ರಮೀಜ.

"ಹೊಳಿ ನೀರು ಪಂಪಿಗೆ ಹತ್ತವಲ್ದು. ಖಾಲಿ ತೊಟ್ಟಿದು ಮೊದಲ ಪಾಳಿ ಹಿಡಕೊಂಡು ನಾ ಏನ್ ಮಾಡ್ಲೋ? ಎಲ್ಲಾರಿಗೂ ನೀರು ಬಂದ್ರ ನಮಗೂ ಬರತೈತಿ. ಹಿಂದ ಮುಂದ ಆಗಬಹುದು, ಬರೂದಂತೂ ಬರತೈತಿ."

ಆಮೇಲೆ ಅವರು ಒಂದೇ ಒಂದು ಕೇಳಿದರು. ಅದನ್ನು ನಾನು ಇಂದಿಗೂ ತರಗತಿಯಲ್ಲಿ ಹೇಳುತ್ತೇನೆ, ಯಾವ ಪಠ್ಯದಲ್ಲೂ ಇಲ್ಲದಿದ್ದರೂ.

"ಯಾವ ಊರಿಗೆ ಕಳಕೊಳ್ಳೂ ಪ್ರಸಂಗ ಬರತೈತೋ, ಸಭಾ ಆ ಊರಾಗ ಆಗಬೇಕು. ಅಲ್ಲೇ ಉಣ್ಣಬೇಕು, ಅವರ ಮಾರಿ ನೋಡಿ ಕೈ ಎತ್ತಬೇಕು. ದೂರ ಕುಂತು ಎತ್ತೂದು ಹಗರ ಐತ್ರಿ."

ಕೈ ತೊಳೆದವಳೇ ಅದನ್ನು ಬರೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಆ ಹೆಂಗಸಿನ ಮೇಲೆ ನನಗೆ ಅಂದೇ ಅಭಿಮಾನ ಉಕ್ಕಿತು. ತಡೆಯುವ ಶಕ್ತಿ ಇದ್ದವರು ಅದನ್ನು ಬಿಟ್ಟುಕೊಟ್ಟದ್ದನ್ನು ನಾನು ಓದಿದ್ದು ಕಡಿಮೆ, ಕಣ್ಣಾರೆ ಕಂಡದ್ದು ಇಲ್ಲವೇ ಇಲ್ಲ.

ಎಲೆ ಹಾಕುವ ದಿನ ಐದೂ ಊರಿನವರು ಬೇವಿನ ಸುತ್ತ ನೆರೆದಿದ್ದರು. ಬೀರಲಿಂಗಪ್ಪನವರ ಎಲೆಯನ್ನು ಈ ಸಲ ಮೊಮ್ಮಗಳು ಅಂಕಿತಾ ಹಿಡಿದುಕೊಂಡು ಕಾವಲು ಕೂತಿದ್ದಳು. ನಾಲ್ಕು ಎಲೆ ಬಿದ್ದವು. ಅಲ್ಮಾಸಬಿ ಎದ್ದರು. ಅವರ ಓಣಿಯವರು ಒಂದು ಕಡೆ ಗುಂಪಾಗಿ ನಿಂತಿದ್ದರು, ಒಬ್ಬರ ಮುಖದಲ್ಲೂ ನಗೆ ಇರಲಿಲ್ಲ. ಅಲ್ಮಾಸಬಿ ಆ ಕಡೆ ತಿರುಗಿ ಎಲ್ಲರನ್ನೂ ಒಮ್ಮೆ ನೋಡಿ, ಬಗ್ಗಿ, ಎಲೆಯನ್ನು ತಟ್ಟೆಯ ಮೇಲೆ ಇಟ್ಟರು. ರಮೀಜ ಬೆನ್ನು ತಿರುಗಿಸಿ ನಡೆದುಬಿಟ್ಟ. ಉಳವಪ್ಪ ದೊಡ್ಡದಾಗಿ ಚಪ್ಪಾಳೆ ತಟ್ಟಿದರು, ಅದನ್ನು ಕಂಡು ನನಗೆ ಮೈಯುರಿಯಿತು.

ಹೊಸ ಪದ್ಧತಿಯ ಮೊದಲ ಸಭೆ ಹಿರೇನೆಲ್ಲೂರಿನಲ್ಲಿ ನಡೆಯಿತು. ಪೈಪು ಹಾಯುವುದು ಅವರ ಹೊಲದಲ್ಲಿ ತಾನೆ! ಉಳವಪ್ಪ ಮುಖ ಗಂಟು ಹಾಕಿಕೊಂಡೇ ಎಲ್ಲರಿಗೂ ಬಡಿಸಿದರು. ನಾಲ್ಕು ಊರು ಒಪ್ಪಿದವು, ಹಿರೇನೆಲ್ಲೂರಿನವರೇ ಅನೇಕರು ಕೈ ಎತ್ತಿದರು. ಮಳೆಗಾಲಕ್ಕೆ ಮುಂಚೆ ಪಂಪ್ ಹೌಸು ಆಳಕ್ಕೆ ಸರಿಯಿತು. ಪೈಪಿಗಾಗಿ ಅಗೆದಾಗ ಹಿರೇನೆಲ್ಲೂರಿನವರು ಕಳೆದುಕೊಂಡ ಬದುಗಳನ್ನು ಮತ್ತೆ ಕಟ್ಟಿಕೊಡಲು ಗುಡ್ಡದಹಾಳದವರು ಅಲ್ಮಾಸಬಿಯ ಗದರಿಕೆಗೆ ಹೆದರಿ ಗುದ್ದಲಿ ಹಿಡಿದು ಹೋದರು. ಸಕ್ರಪ್ಪ ಫೋನಿನಲ್ಲಿ ಇದನ್ನು ಹೇಳುವಾಗ ಅವನ ದನಿ ಹಿಗ್ಗಿನಿಂದ ಒಡೆಯುತ್ತಿತ್ತು.

ಮುಂದಿನ ಬೇಸಿಗೆಗೆ ಉಳವಪ್ಪ ತಮ್ಮ ಬಹುದಿನದ ಲೆಕ್ಕವನ್ನು ಹೊರತೆಗೆದರು. ಹಿರೇನೆಲ್ಲೂರಿನವರು ಆ ವರ್ಷ ಬೇಸಿಗೆ ಶೇಂಗಾ ಹಾಕಿದ್ದರು. ಅದು ಕಾಯಿ ಕಟ್ಟುವ ಹೊತ್ತು, ಮೊದಲ ಪಾಳಿ ನಮಗೇ ಬೇಕು ಎಂದರು. ಕಾರಣ ಸುಳ್ಳಲ್ಲ. ಆದರೆ ಗುಡ್ಡದಹಾಳದಲ್ಲಿ ಉಳ್ಳಾಗಡ್ಡಿ ಗಡ್ಡೆ ಊದುವ ಹೊತ್ತೂ ಅದೇ, ಹತ್ತು ದಿನ ನೀರು ತಡವಾದರೆ ಗಡ್ಡೆ ಸಣ್ಣದಾಗಿಯೇ ಉಳಿಯುತ್ತದೆ. ಅಲ್ಮಾಸಬಿಯ ಇಡೀ ಹೊಲ ಆ ವರ್ಷ ಉಳ್ಳಾಗಡ್ಡಿಯೇ ಆಗಿತ್ತು.

ಸಭೆ ಗುಡ್ಡದಹಾಳದಲ್ಲಿ ಆಯಿತು. ಯಾರೂ ಊಟಕ್ಕೆ ನೆಪ ಹೇಳಬಾರದೆಂದು ಅಲ್ಮಾಸಬಿ ಪಕ್ಕದ ಮನೆಯ ಸಿದ್ದಲಿಂಗವ್ವನನ್ನು ಅಡುಗೆಗೆ ನಿಲ್ಲಿಸಿದ್ದರು. ರೊಟ್ಟಿ, ಎಣ್ಣೆಗಾಯಿ, ಗೋಧಿ ಬೆಲ್ಲದ ಮಾದಲಿ, ಹಾಲು. ಬಂದವರೆಲ್ಲ ತಲೆ ತಗ್ಗಿಸಿ ಉಂಡರು. ಕೆಲವರು ಮಾದಲಿಯನ್ನು ತಟ್ಟೆಯಲ್ಲೇ ಬಿಟ್ಟರು, ಅದನ್ನು ನಾನು ನೋಡಿದೆ, ನೋಡಿ ಖುಷಿಪಟ್ಟೆ. ಇವರು ಕೈ ಎತ್ತಲಾರರು ಎಂದುಕೊಂಡೆ.

ಎತ್ತಿದರು. ಎಲ್ಲರೂ ಅಲ್ಲ. ಬೀರಲಿಂಗಪ್ಪನವರ ಊರು ಅಲ್ಮಾಸಬಿಯ ಜೊತೆ ನಿಂತಿತು. ಹಿರೇನೆಲ್ಲೂರಿನ ಕೆಲವರೂ ಕೈ ಕೆಳಗೇ ಇಟ್ಟರು. ಆದರೆ ಮೂರು ಊರು ಒಪ್ಪಿದವು, ಕೈಗಳೂ ಅರ್ಧ ದಾಟಿದವು. ಎಣಿಸಿದ ಸಕ್ರಪ್ಪ ಫಲಿತಾಂಶ ಹೇಳುವಾಗ ತನ್ನ ಕಾಲಬೆರಳನ್ನೇ ನೋಡುತ್ತಿದ್ದ. ಅಲ್ಮಾಸಬಿ "ಆತು" ಎಂದು ಒಳಗೆ ಹೋದರು.

ಮರುದಿನ ಬೆಳಗ್ಗೆ, ಹಳೆಯ ಪಾಳಿಯಂತೆ ಆಗಲೇ ತೆರೆದಿದ್ದ ಗುಡ್ಡದಹಾಳದ ವಾಲ್ ಮುಚ್ಚಿ ಹಿರೇನೆಲ್ಲೂರಿನದನ್ನು ತೆರೆಯಬೇಕಿತ್ತು. ನಾನು ಸಿದ್ದಲಿಂಗವ್ವನ ಮನೆಯಲ್ಲಿ ತಂಗಿದ್ದವಳು ಓಣಿಯ ಗದ್ದಲ ಕೇಳಿ ಎದ್ದು, ಯಾರದೋ ಬೈಕು ಹತ್ತಿ ತೊಟ್ಟಿಗೆ ಧಾವಿಸಿದೆ. ರಮೀಜ ವಾಲಿನ ಚಕ್ರವನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಕೂತಿದ್ದ. ಹಿಂದೆ ಅವನ ಓಣಿಯವರು, ಎದುರಿಗೆ ಹಿರೇನೆಲ್ಲೂರಿನವರು, ಮಧ್ಯದಲ್ಲಿ ಬೆವರುತ್ತಿದ್ದ ಸಕ್ರಪ್ಪ. ಉಳವಪ್ಪ ಒಂದು ಬದಿಗೆ ನಿಂತು, "ಕಾಯ್ದೆ ಅಂದ್ರ ಕಾಯ್ದೇನಪಾ," ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು.

ನನ್ನನ್ನು ಕಂಡ ರಮೀಜ ಕೂಗಿದ. "ಮೇಡಂ, ನೀವ ಬರದೀರಿ. ಇದರಾಗ ಎಲ್ಲೋ ಒಂದು ತೂತು ಇರತೈತಿ. ಹೇಳ್ರಿ!"

ತೂತು ಇತ್ತು. ಸಭೆಯ ಖಬರನ್ನು ಪ್ರತಿ ಊರಿನಲ್ಲೂ ಡಂಗುರ ಹೊಡೆಸಿ ತಿಳಿಸಬೇಕೆಂದು ನಾನೇ ಬರೆದಿದ್ದೆ, ಒಂದು ಊರಿನಲ್ಲಿ ಸಕ್ರಪ್ಪ ಬರೀ ಮೊಬೈಲಿನಲ್ಲಿ ಸಂದೇಶ ಕಳಿಸಿ ಸುಮ್ಮನಾಗಿದ್ದ, ಆ ಊರಿನವರು ಊಟದ ಹೊತ್ತಿನಲ್ಲಿ ಹಾಗೆ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಅದೊಂದೇ ಸಾಕು, ಮತ ಬಿದ್ದುಹೋಗುತ್ತದೆ, ಹೊಸ ಸಭೆ ಕರೆಯುವಷ್ಟರಲ್ಲಿ ಉಳ್ಳಾಗಡ್ಡಿಗೆ ನೀರು ಹಾಯ್ದಿರುತ್ತದೆ. ನಾನು ಅಲ್ಮಾಸಬಿಯ ಪಕ್ಷದವಳು, ಅದರಲ್ಲಿ ನನಗೆ ನಾಚಿಕೆಯಿಲ್ಲ. ಹೇಳಲೆಂದು ಬಾಯಿ ತೆರೆದೆ.

"ಮೇಡಮ್ಮಾರ, ಬ್ಯಾಡ್ರಿ."

ಅಲ್ಮಾಸಬಿ ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದಿದ್ದರು. ಡಂಗುರದ ಸಂಗತಿ ಅವರಿಗೂ ಗೊತ್ತಿತ್ತು ಎಂದು ಸಕ್ರಪ್ಪ ಆಮೇಲೆ ಹೇಳಿದ, ಹಿಂದಿನ ಸಂಜೆ ಅವನೇ ಹೆದರಿ ಒಪ್ಪಿಕೊಂಡಿದ್ದನಂತೆ.

"ಹೋದ ವರ್ಷ ಉಳವಪ್ಪನ ಹೊಲದಾಗ ಪೈಪು ಹಾದಾಗ ನಾವು ಕೈ ಎತ್ತಿದ್ವಿ," ಎಂದು ಅವರು ಮಗನ ಮುಂದೆ ಕುಕ್ಕುರುಗಾಲಿನಲ್ಲಿ ಕೂತರು. "ಆವಾಗ ಕಾಯ್ದೆ ಚಲೋ ಇತ್ತು. ಇವತ್ತ ನಮ್ಮ ಉಳ್ಳಾಗಡ್ಡಿ ಅಂದ ಕೂಡಲೇ ಕೆಟ್ಟ ಆತೇನಲೇ?"

"ಗಡ್ಡಿ ಹಾಳಾಗಿ ಹೊಕ್ಕಾವು ಅಮ್ಮಾ."

"ಹೊಕ್ಕಾವು. ನನಗೂ ಹೊಟ್ಟಿ ಉರೀತೈತಿ. ಏಳು."

ರಮೀಜ ಅತ್ತುಬಿಟ್ಟ. ಅಷ್ಟು ಜನರ ಮುಂದೆ, ಮುಖ ಮುಚ್ಚಿಕೊಳ್ಳದೆ ಅತ್ತ. ಆಮೇಲೆ ತೋಳು ಸಡಿಲಿಸಿದ. ಅಲ್ಮಾಸಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಕ್ರ ತಿರುಗಿಸತೊಡಗಿದರು. ಅದು ಬಿಗಿಯಾಗಿತ್ತು, ಅರ್ಧಕ್ಕೆ ನಿಂತಿತು. ಸಕ್ರಪ್ಪ ಮುಂದೆ ಬಂದಾಗ ಅವನನ್ನು ಕೈಯಿಂದಲೇ ತಡೆದರು. ರಮೀಜ ಕಣ್ಣು ಒರೆಸಿಕೊಂಡು ತಾಯಿಯ ಕೈಯ ಪಕ್ಕದಲ್ಲಿ ತನ್ನ ಕೈ ಹಚ್ಚಿದ. ಇಬ್ಬರೂ ಕೂಡಿ ಕೊನೆಯ ಸುತ್ತು ತಿರುಗಿಸಿದರು. ಪೈಪಿನೊಳಗಿನ ನೀರಿನ ಸದ್ದು ನಿಂತಿತು.

"ಹೋಗು ತಮ್ಮಾ, ನಿಮ್ಮ ವಾಲ್ ತಗಿ," ಎಂದರು ಅಲ್ಮಾಸಬಿ. "ನೀರು ಸುಮ್ಮ ನಿಂತ್ರ ಯಾರಿಗೂ ಆಗೂದಿಲ್ಲ."

ಉಳವಪ್ಪ ತಮ್ಮ ವಾಲಿನ ಕಡೆ ಹೋಗಲಿಲ್ಲ. ಗೆದ್ದವರು ಅವರು, ಆದರೆ ನಿಂತಲ್ಲೇ ಇಸ್ತ್ರಿ ಅಂಗಿಯ ಗುಂಡಿ ತಿರುವುತ್ತಿದ್ದರು. "ಅಕ್ಕಾ," ಎಂದರು. "ನಮ್ಮ ಪಾಳಿ ಮುಗದ ದಿನ ನಾನ ಬಂದು ನಮ್ಮ ವಾಲ್ ಮುಚ್ತೀನಿ. ಸಕ್ರಪ್ಪನ್ನ ಕಳಸೂದಿಲ್ಲ," ಎಂದರು.

"ಬಾ. ಬರಲಿಲ್ಲಾಂದ್ರ ನಾನ ನಿಮ್ಮನಿಗೆ ಬಂದು ಕುಂಡ್ರತೀನಿ ನೋಡು."

ಯಾರೋ ನಕ್ಕರು. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ, ಯಾವುದು ಎಂದು ಕೇಳಿದವರಿಗೆ ಸಿಟ್ಟಿನಿಂದ ಉತ್ತರ ಕೊಟ್ಟೆ. ಅಷ್ಟು ವರ್ಷ ನಾನು ಸಂಸ್ಥೆಗಳ ಅಧಿಕಾರ ಎಲ್ಲಿರುತ್ತದೆ ಎಂದು ಪಾಠ ಹೇಳಿದವಳು. ಸೋತ ಊರಿನ ಒಬ್ಬ ಹೆಂಗಸು ತನ್ನ ಹೊಲದ ನೀರನ್ನು ತಾನೇ ನಿಲ್ಲಿಸಿದಾಗ ಅದನ್ನು ಕಂಡೆ. ನನಗೆ ಆಗ ಅವರ ಕಾಲು ಮುಟ್ಟಬೇಕೆನಿಸಿತು. ಮುಟ್ಟಿದೆ. ಅವರು ಬೈದರು.

ಹಿರೇನೆಲ್ಲೂರಿನ ಪಾಳಿ ಮುಗಿದ ದಿನ ನನಗೆ ಫೋನ್ ಮಾಡಿದವನು ರಮೀಜ. ಉಳ್ಳಾಗಡ್ಡಿಯ ಅರ್ಧ ಹೊಲ ಸೊರಗಿತ್ತು, ಅರ್ಧ ಉಳಿದಿತ್ತು. ಹಿರೇನೆಲ್ಲೂರಿನ ಕೆಲವು ಶೇಂಗಾ ಹೊಲಗಳಿಗೆ ನೀರು ಇನ್ನೂ ಹಾಯ್ದಿರಲಿಲ್ಲವಂತೆ, ಇನ್ನೊಂದು ದಿನ ಬಿಡಿರೆಂದು ಅವರ ಊರಿನವರೇ ಉಳವಪ್ಪನ ಕೈಕಾಲು ಹಿಡಿದಿದ್ದರಂತೆ.

"ಮತ್ತ ಏನ್ ಮಾಡಿದ್ರಪಾ?" ಎಂದು ಕೇಳಿದೆ.

"ಉಳವಪ್ಪ ಕಾಕಾ ಹೊತ್ತು ಏರೂದ್ರಾಗ ಒಬ್ಬಾಂವನ ಬಂದಾನ್ರಿ," ಎಂದ ರಮೀಜ. "ಮುಚ್ಚಾಕತ್ತಾನ. ಚಕ್ರ ಬಿಗಿ ಐತಿ, ನಾ ಹೋಗಿ ಕೈ ಹಚ್ತೀನಿ, ಫೋನ್ ಇಡ್ಲೇನ್ರಿ?"